ಹುಳದ ಮನೆಯಲ್ಲಿ ಎಲ್ಲರೂ ಇರುವಾಗ ವಾಸದ ಮನೆಯ ಕಿಟಕಿ ಭದ್ರವಾಗಿದೆಯಾ?

ನಾಲ್ಕನೇ ಜ್ವರ ಎದ್ದ ಹುಳಕ್ಕೆ ಸೊಪ್ಪು ಎಷ್ಟು ಹಾಕಿದರೂ ಸಾಲದು. ಆ ಏಳೆಂಟು ದಿನ ಚನ್ನಪಟ್ಟಣ, ರಾಮನಗರ ಕಡೆ ರೇಷ್ಮೆ ಬೆಳೆಯೋ ಮನೆಯವರೆಲ್ಲ ಹುಳದ ಮನೆಯಲ್ಲೇ ಇರ್ತಾರೆ. ಹಣ್ಣಾದ ಹುಳ ಚಂದ್ರಿಕೆಗೆ ಬಿಡೋ ದಿನ ನೆಂಟರು, ಆಳುಗಳು ಎಲ್ಲರೂ ಅಲ್ಲೇ. ಆಮೇಲೆ ಗೂಡು ತುಂಬಿಕೊಂಡು ರಾಮನಗರ ಮಾರುಕಟ್ಟೆಗೆ ಹೊರಡಬೇಕು. ಅಷ್ಟೂ ಹೊತ್ತು ವಾಸದ ಮನೆ ಖಾಲಿ, ಮುಂಬಾಗಿಲಿಗೆ ದೊಡ್ಡ ಬೀಗ. ಇದು ಊರಿಗೆಲ್ಲ ಗೊತ್ತು, ಕಳ್ಳನಿಗೂ ಗೊತ್ತು.

ಹುಳದ ಮನೆ ಕಿಟಕಿಗೆ ನಾವು ಒಂದು ತೂತೂ ಬಿಡದೆ ನೈಲಾನ್ ಬಲೆ ಬಿಗೀತೀವಿ. 1980ರಲ್ಲಿ ಬಂಗಾಳದ ಗೂಡಿನ ಜೊತೆ ಊಜಿ ನೊಣ ರಾಜ್ಯಕ್ಕೆ ಬಂದ ಮೇಲೆ ಕಲಿತ ಪಾಠ ಅದು. ವಾಸದ ಮನೆ ಕಿಟಕಿಯನ್ನ ಮಾತ್ರ ಗೃಹಪ್ರವೇಶದ ದಿನ ನೋಡಿದ್ದು, ಆಮೇಲೆ ತಿರುಗಿ ನೋಡಿರಲ್ಲ.

ಒಂದು ಸಂಜೆ ಮನೆ ಹಿಂದುಗಡೆ ಹೋಗಿ, ಕಳ್ಳನ ಹಾಗೆ ನೋಡಿ. ಗ್ರಿಲ್ ಹೊರಗಡೆಯಿಂದ ಸ್ಕ್ರೂ ಹೊಡೆದಿದ್ದಾರಾ? ಹಾಗಿದ್ದರೆ ಒಳ್ಳೇ ಕಬ್ಬಿಣ ಹಾಕಿಯೂ ಪ್ರಯೋಜನ ಇಲ್ಲ. ಹತ್ತು ನಿಮಿಷ ಸಿಕ್ಕರೆ ಸ್ಕ್ರೂ ಬಿಚ್ಚಿ ಗ್ರಿಲ್ ಇಡಿಯಾಗಿ ಕೆಳಗಿಡಬಹುದು. ವೆಲ್ಡಿಂಗ್‌ನವರನ್ನ ಕರೆಸಿ ಪ್ರತಿ ಸ್ಕ್ರೂ ತಲೆಗೂ ಒಂದು ಚುಕ್ಕೆ ಬೆಸುಗೆ ಹಾಕಿಸಿ, ಮೇಲೆ ಅದೇ ಬಣ್ಣ ಬಳಿಯಿರಿ. ಅದೂ ಬೇಡ ಅಂದ್ರೆ ತಲೆಯ ಗುಳಿಗೆ ಎಂ-ಸೀಲ್ ತುಂಬಿ. ಹೊಸದಾಗಿ ಹಾಕಿಸೋರು ಗ್ರಿಲ್ ಒಳಗಡೆಗೆ ಬರೋ ಹಾಗೆ, ಗೋಡೆಯೊಳಕ್ಕೆ ಹೋಗೋ ಬೋಲ್ಟ್ ಹಾಕಿಸಿ. ರಸ್ತೆಯಿಂದ ನೋಡಿದರೆ ಬರೀ ಕಿಟಕಿ ಕಾಣುತ್ತೆ.

ಹೊರಗೆ ಕಾಣದೇ ಇರೋದೇ ಒಳ್ಳೇದು. ಇಡೀ ಬೀದಿಯಲ್ಲಿ ಒಂದೇ ಮನೆಗೆ ಮೊಳೆ, ಗಾಜಿನ ಚೂರು, ಮುಳ್ಳುತಂತಿ ಇದ್ದರೆ ‘ಇಲ್ಲೇನೋ ಇದೆ’ ಅಂತ ನಾವೇ ಬೋರ್ಡು ಹಾಕಿದ ಹಾಗೆ.

ಈಗಿನ ಮನೆಗಳಿಗೆ ಅಲ್ಯೂಮಿನಿಯಂ ಸ್ಲೈಡಿಂಗ್ ಕಿಟಕಿ ಜಾಸ್ತಿ. ಅದರ ಚಿಲಕ ನಂಬಬೇಡಿ. ಮುಚ್ಚಿದ ಮೇಲೆ ಕೆಳಗಿನ ಟ್ರ್ಯಾಕ್‌ನಲ್ಲಿ ಉಳಿಯೋ ಜಾಗ ಅಳೆದು, ಅಷ್ಟುದ್ದದ ಗಟ್ಟಿ ಕೋಲು ಮಲಗಿಸಿ. ಚಿಲಕ ಮುರಿದರೂ ಬಾಗಿಲು ಸರಿಯಲ್ಲ. ನಮ್ಮೂರಲ್ಲಿ ಬೊಂಬೆ ಮಾಡೋರ ಹತ್ತಿರ ಕೇಳಿದರೆ ಅಳತೆಗೆ ಕಡೆದೇ ಕೊಡ್ತಾರೆ. ಇನ್ನೊಂದು ದಾರಿ ಕಳ್ಳನಿಗೆ ಇದೆ: ಬಾಗಿಲನ್ನ ಮೇಲಕ್ಕೆ ಎತ್ತಿ ಟ್ರ್ಯಾಕ್‌ನಿಂದ ಕಳಚೋದು. ಮೇಲಿನ ಟ್ರ್ಯಾಕ್ ಒಳಗೆ, ಬಾಗಿಲಿನ ನೆತ್ತಿಗೆ ತಾಗದಷ್ಟು ಇಳಿಬಿಟ್ಟು ಎರಡು ಸಣ್ಣ ಸ್ಕ್ರೂ ಹೊಡೆದರೆ ಎತ್ತೋಕೆ ಜಾಗ ಇರಲ್ಲ. ಎರಡಕ್ಕೂ ಸೇರಿ ನೂರು ರೂಪಾಯಿ ಖರ್ಚಾದರೆ ಹೆಚ್ಚು.

ಬಚ್ಚಲುಮನೆ ವೆಂಟಿಲೇಟರ್ ಮರೀಬೇಡಿ. ಗಾಜಿನ ಪಟ್ಟಿಗಳನ್ನ ಒಂದೊಂದಾಗಿ ಜಾರಿಸಿ ತೆಗೀಬಹುದು. ಒಳಗಡೆ ಎರಡು ಸರಳು ಅಡ್ಡ ಹಾಕಿಸಿ.

ಆದರೆ ಎಲ್ಲಾ ಕಿಟಕಿಗೂ ಬೆಸುಗೆ ಹಾಕಿ ಮುಚ್ಚಬೇಡಿ. ಬೆಂಕಿ ಬಿದ್ದರೆ, ಸಿಲಿಂಡರ್ ಸೋರಿದರೆ ಒಳಗಿರೋರು ಹೊರಗೆ ಬರಬೇಕಲ್ಲ. ಒಂದು ಕಿಟಕಿಯ ಗ್ರಿಲ್‌ಗೆ ಕೀಲು ಕೊಟ್ಟು ಒಳಗಿನಿಂದ ಬೀಗ ಹಾಕಿ. ಬೀಗದ ಕೈ ಮನೆಯ ಮಕ್ಕಳಿಗೂ ಗೊತ್ತಿರೋ ಜಾಗದಲ್ಲಿರಲಿ. ಹೊರಗಿನಿಂದ ಕೈ ಹಾಕಿದರೆ ಸಿಗೋ ಹಾಗೆ ಮಾತ್ರ ನೇತುಹಾಕಬೇಡಿ.

ಇನ್ನು ಹೊರಗಡೆ ಬಿದ್ದಿರೋ ಸಾಮಾನು. ಹಾರೆ, ಪಿಕಾಸಿ, ತೆಂಗಿನಕಾಯಿ ಕೀಳೋ ಏಣಿ, ಎಲ್ಲ ಗೋಡೆಗೆ ಒರಗಿಸಿರ್ತೀವಿ. ಕಳ್ಳ ಬರಿಗೈಲಿ ಬಂದರೂ ಸಾಕು. ಅವನ್ನ ಒಳಗಿಡಿ, ಏಣಿಗೆ ಸರಪಳಿ ಹಾಕಿ. ಕಿಟಕಿ ಕೆಳಗೆ ಒಂದು ನಿಂಬೆ ಗಿಡ ನೆಟ್ಟರೆ ಹಣ್ಣೂ ಆಯ್ತು, ಮುಳ್ಳೂ ಆಯ್ತು.

ಕೆಲವರು ಹಂದಿಗೆ ಕೊಟ್ಟ ಹಾಗೆ ಗ್ರಿಲ್‌ಗೂ ಕರೆಂಟ್ ಕೊಡೋಣ ಅಂತಾರೆ. ಖಂಡಿತ ಬೇಡ. ಅದು ಅಪರಾಧ, ಮೊದಲು ಸಾಯೋದು ನಮ್ಮ ಮನೆ ಮಗುವೋ ಹಸುವೋ.

ಕೊನೆಗೆ ಫೋನ್ ವಿಷಯ. ಗೂಡಿಗೆ ಒಳ್ಳೇ ರೇಟು ಸಿಕ್ಕಿದ ಚೀಟಿಯನ್ನ ಮಾರುಕಟ್ಟೆಯಲ್ಲೇ ನಿಂತು ಸ್ಟೇಟಸ್‌ಗೆ ಹಾಕ್ತೀವಿ. ದುಡ್ಡು ಬಂತು, ಮನೇಲಿ ಯಾರೂ ಇಲ್ಲ ಅನ್ನೋ ಎರಡೂ ಸುದ್ದಿ ಒಟ್ಟಿಗೆ ಹೋಯ್ತು. ಮನೆಗೆ ಬಂದ ಮೇಲೆ ಹಾಕಿ. ಹೊರಡೋ ಮುಂಚೆ ಪಕ್ಕದ ಮನೆಯ ಅಜ್ಜಿಗೆ ಹೇಳಿ, ನಿಮ್ಮ ಬೀಟ್ ಪೊಲೀಸರಿಗೂ ಒಂದು ಮಾತು ತಿಳಿಸಿ. ರಾತ್ರಿ ಕಿಟಕಿ ಹತ್ತಿರ ಸದ್ದು ಕೇಳಿದರೆ ದೊಣ್ಣೆ ಹಿಡಿದು ಒಬ್ಬರೇ ಹೊರಗೆ ಹೋಗಬೇಡಿ. ಲೈಟು ಹಾಕಿ, 112ಕ್ಕೆ ಫೋನ್ ಮಾಡಿ, ಅಕ್ಕಪಕ್ಕದೋರನ್ನ ಕೂಗಿ.