ಅಜ್ಜನ ವಾಚಿಗೆ ಪೇಂಟ್ ಹೊಡೆಸ್ಬೇಡಿ!

ನಮ್ಮಲ್ಲೊಬ್ಬನ ಊರು ಸೊರಬ, ಇನ್ನೊಬ್ಬನದು ಶಿಕಾರಿಪುರ. ದಸರಾ ರಜೆಯಲ್ಲಿ ಸೊರಬದ ಮನೆಯ ಬೀರುವಿನಲ್ಲಿ ಅಜ್ಜನ ಎಚ್‌ಎಂಟಿ ಜನತಾ ವಾಚ್ ಸಿಕ್ತು. ಕೀ ಕೊಟ್ಟರೆ ಓಡತ್ತೆ. ಆದರೆ ಬಿಳಿ ಡಯಲ್ ಕೆನೆಬಣ್ಣಕ್ಕೆ ತಿರುಗಿದೆ, ಅಂಚಿನಲ್ಲಿ ಕಂದು ಚುಕ್ಕೆಗಳು. ಸರ್ವೀಸ್ ಮಾಡಿಸೋಣ ಅಂತ ಶಿಕಾರಿಪುರದ ಒಂದು ಅಂಗಡಿಗೆ ಹೋದ್ವಿ. "ಡಯಲ್ಲಿಗೆ ಹೊಸ ಪೇಂಟ್ ಹಾಕಿಸಿಬಿಡಿ, ಹೊಸದರ ಹಾಗೇ ಕಾಣತ್ತೆ" ಅಂದ್ರು. ಹೂಂ ಅನ್ನೋದರಲ್ಲಿದ್ವಿ. ನಾಳೆ ಹೇಳ್ತೀವಿ ಅಂತ ಬಂದು ಓದಿ ತಿಳಿದದ್ದು ಇಷ್ಟು.

1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಎಚ್‌ಎಂಟಿ ಬೆಂಗಳೂರಿನಲ್ಲಿ ವಾಚ್ ಕಾರ್ಖಾನೆ ಆರಂಭಿಸಿತು. 2016ರಲ್ಲಿ ಎಚ್‌ಎಂಟಿ ವಾಚಸ್ ಮುಚ್ಚಲು ಕೇಂದ್ರ ಸರ್ಕಾರ ಒಪ್ಪಿತು. ಜನತಾದಲ್ಲಿ ಬ್ಯಾಟರಿ ಇಲ್ಲ. ಸುತ್ತಿದ ಸ್ಪ್ರಿಂಗೇ ಅದರ ಶಕ್ತಿ. ಒಳಗೆ 17 ಜ್ಯುವೆಲ್, ಗಂಟೆಗೆ 18,000 ಬೀಟ್, ಅಂದರೆ ಸೆಕೆಂಡಿಗೆ 5 ಟಿಕ್.

ಡಯಲ್ ಯಾಕೆ ಬಣ್ಣ ಬದಲಿಸತ್ತೆ? ಅದು ಸಾಮಾನ್ಯವಾಗಿ ಹಿತ್ತಾಳೆ ತಗಡು. ಮೇಲೊಂದು ಪದರ ಬಣ್ಣ, ಅದರ ಮೇಲೆ ತೆಳು ಲ್ಯಾಕರ್. ಬಿಸಿಲಿನ ಅತಿನೇರಳೆ ಕಿರಣ ಮತ್ತು ಆಮ್ಲಜನಕ ಸೇರಿ ಲ್ಯಾಕರನ್ನು ವರ್ಷಗಟ್ಟಲೆ ನಿಧಾನವಾಗಿ ಹಳದಿ ಮಾಡ್ತವೆ. ನಮ್ಮ ಮಲೆನಾಡಿನ ಮಳೆಗಾಲದ ತೇವ ಒಳಗೆ ಸೇರಿದರೆ ಹಿತ್ತಾಳೆ ಆಕ್ಸಿಡೈಸ್ ಆಗಿ ಚುಕ್ಕೆ ಏಳತ್ತೆ. ಇದನ್ನೇ ಸಂಗ್ರಹಕಾರರು 'ಪಟೀನಾ' ಅಂತಾರೆ. ಕಪ್ಪು ಡಯಲ್ ಕಂದಾಗಿದ್ದರೆ ಅದಕ್ಕೆ 'ಟ್ರಾಪಿಕಲ್' ಅನ್ನೋ ಹೆಸರು. ಹಳೇ ರೋಲೆಕ್ಸ್, ಒಮೆಗಾಗಳಲ್ಲಿ ಅಂಥವಕ್ಕೆ ಹೆಚ್ಚು ಬೆಲೆ.

ಕಾರಣ ಸರಳ. ಒಂದೇ ದಿನ ತಯಾರಾದ ಎರಡು ವಾಚುಗಳೂ ಒಂದೇ ಥರ ಹಳೆಯದಾಗಲ್ಲ. ಒಂದು ಬೀರುವಿನಲ್ಲಿ ಕೂತಿರತ್ತೆ, ಇನ್ನೊಂದು ಗದ್ದೆ ಬಿಸಿಲು ಕಂಡಿರತ್ತೆ. ಒಮ್ಮೆ ಪೇಂಟ್ ಹೊಡೆದರೆ ಆ ದಾಖಲೆ ಹೋಯ್ತು, ಅಂಡೂ ಬಟನ್ ಇಲ್ಲ. ಪೇಂಟ್ ಹೊಡೆದ ಡಯಲ್ ಪತ್ತೆ ಮಾಡೋದೂ ಕಷ್ಟವಲ್ಲ: ದಪ್ಪಗೆ ಹರಡಿದ ಅಕ್ಷರ, ಓರೆಯಾದ ನಿಮಿಷದ ಗೆರೆ, ಕಂಪನಿ ಎಂದೂ ಮಾಡದ ಬಣ್ಣ.

ಹಾಗಂತ ಹಾಳಾದದ್ದೆಲ್ಲ ಪಟೀನಾ ಅಲ್ಲ. ಮುಳ್ಳಿಗೆ ತುಕ್ಕು ಹಿಡಿದಿದ್ದರೆ, ಬಣ್ಣ ಉದುರಿ ಚಕ್ರಗಳಿಗೆ ಸಿಗ್ತಿದ್ದರೆ ರಿಪೇರಿ ಬೇಕೇ ಬೇಕು. ಹಳೇ ಎಣ್ಣೆ ಒಣಗಿದ್ದರೆ ಮಷೀನ್ ಸವೆಯತ್ತೆ, ಸರ್ವೀಸ್ ತಪ್ಪಿಸಬೇಡಿ.

ಮರುದಿನ ಅಂಗಡಿಗೆ ಹೋಗಿ "ಮಷೀನ್ ಕ್ಲೀನ್ ಮಾಡಿ ಎಣ್ಣೆ ಹಾಕಿ, ಡಯಲ್ ಮುಟ್ಟಬೇಡಿ" ಅಂದ್ವಿ. ಜನತಾ ಮಾರಿ ಯಾರೂ ಲಕ್ಷಾಧೀಶರಾಗಲ್ಲ, ಗೊತ್ತು. ಆದ್ರೆ ಅಜ್ಜ ನೋಡ್ತಿದ್ದ ಡಯಲ್ಲೇ ಈಗ ಮೊಮ್ಮಗನ ಕೈಯಲ್ಲಿ ಎಂಟು ಗಂಟೆ ಕ್ಲಾಸಿಗೆ ಬರತ್ತೆ. ನಿಮ್ಮನೆ ಬೀರುನೂ ಒಮ್ಮೆ ತೆಗೆದು ನೋಡಿ.