ಕಬ್ಬಿಣವಿಲ್ಲದ ಹಡಗು: ಉಪ್ಪುನೀರಿನ ಸವೆತವೂ ನಮ್ಮ ನೌಕಾಚರಿತ್ರೆಯೂ

ಸಿಂಗಟಾಲೂರಿನ ಮಗ್ಗುಲಲ್ಲಿ ಹರಿಯುವ ತುಂಗಭದ್ರೆಯ ದಂಡೆಯಲ್ಲಿ ನಿಂತು ಸಮುದ್ರದ ಹಡಗುಗಳ ವಿಚಾರವನ್ನು ಎತ್ತಿಕೊಳ್ಳುವುದು ಕೆಲವರಿಗೆ ವಿಚಿತ್ರವಾಗಿ ತೋರಬಹುದು. ಆದರೆ ಈ ಹೊಳೆಯ ಹಳೆಯ ಹರಿಗೋಲಿಗೂ ಅರಬ್ಬೀ ಸಮುದ್ರದ ಪ್ರಾಚೀನ ಹಡಗಿಗೂ ಒಂದು ಸಾಮ್ಯವುಂಟು: ಎರಡನ್ನೂ ಕಬ್ಬಿಣದ ಮೊಳೆಯಿಲ್ಲದೆ ಕಟ್ಟುತ್ತಿದ್ದರು. 1520ರ ಸುಮಾರಿಗೆ ವಿಜಯನಗರವನ್ನು ಕಂಡ ಪೋರ್ತುಗೀಜ ಪ್ರವಾಸಿ ಡೊಮಿಂಗೊ ಪಾಯೆಸನು ಬುಟ್ಟಿಯಂತೆ ದುಂಡಗಿರುವ, ಹೊರಗೆ ತೊಗಲು ಹೊದಿಸಿದ, ಹದಿನೈದು ಇಪ್ಪತ್ತು ಜನರನ್ನು ದಾಟಿಸುವ ದೋಣಿಗಳನ್ನು ವರ್ಣಿಸಿದ್ದಾನೆ. ಹೊಳೆಯಲ್ಲಿ ಇದರ ಕಾರಣ ಸರಳವಾದುದು. ಹರಿಗೋಲು ಬಂಡೆಗೆ ತಗುಲಿದರೆ ಮಣಿಯಬೇಕು. ದಡಕ್ಕೆ ಬಂದ ಮೇಲೆ ಹೊತ್ತೊಯ್ಯುವಷ್ಟು ಹಗುರಾಗಿರಬೇಕು. ಕಡಲಿನ ಹಡಗಿನಲ್ಲಿ ಕಬ್ಬಿಣವನ್ನು ಏಕೆ ಬಿಟ್ಟರು ಎಂಬ ಪ್ರಶ್ನೆಗೆ ಉತ್ತರ ಅಷ್ಟು ಸುಲಭವಲ್ಲ.

ಆರನೆಯ ಶತಮಾನದ ಗ್ರೀಕ್ ಇತಿಹಾಸಕಾರ ಪ್ರೊಕೋಪಿಯಸ್ಸನು ಈ ಪ್ರಶ್ನೆಯನ್ನು ಆಗಲೇ ಎತ್ತಿದ್ದನು. ಭಾರತದ ಕಡೆಯ ಹಡಗುಗಳನ್ನು ಹಗ್ಗದಿಂದ ಬಿಗಿಯುತ್ತಾರೆಂದೂ, ಸಮುದ್ರದಲ್ಲಿರುವ ಅಯಸ್ಕಾಂತದ ಬಂಡೆಗಳು ಮೊಳೆಗಳನ್ನು ಸೆಳೆದುಕೊಳ್ಳುವುವೆಂಬ ಮಾತು ಸುಳ್ಳೆಂದೂ ಅವನು ಬರೆದನು. ಕಬ್ಬಿಣವುಳ್ಳ ರೋಮನ್ ಹಡಗುಗಳು ಅದೇ ಕೆಂಪು ಸಮುದ್ರದಲ್ಲಿ ಅಪಾಯವಿಲ್ಲದೆ ಸಂಚರಿಸುತ್ತಿದ್ದುದೇ ಅವನಿಗೆ ಸಾಕ್ಷಿ. ಇಲ್ಲಿಯವರೆಗೆ ಅವನ ವಿಚಾರಸರಣಿ ಮೆಚ್ಚತಕ್ಕದ್ದು. ಆದರೆ ನಿಜವಾದ ಕಾರಣ ಭಾರತೀಯರಲ್ಲಿ ಕಬ್ಬಿಣವೇ ಇಲ್ಲದಿರುವುದು ಎಂದು ಮುಂದುವರಿದಾಗ ಅವನು ಎಡವಿದ್ದಾನೆ. ಸಿಂಗಟಾಲೂರಿನಿಂದ ಮೇಲಕ್ಕೆ, ಇದೇ ತುಂಗಭದ್ರೆಯ ದಂಡೆಯಲ್ಲಿರುವ ಹಳ್ಳೂರಿನ ಉತ್ಖನನದಲ್ಲಿ ಕ್ರಿ. ಪೂ. 1000ದ ಸುಮಾರಿನ ಕಬ್ಬಿಣದ ಉಪಕರಣಗಳು ದೊರೆತಿವೆ. ಪ್ರೊಕೋಪಿಯಸ್ಸನಿಗಿಂತ ಒಂದೂವರೆ ಸಾವಿರ ವರ್ಷ ಮೊದಲೇ ಕಬ್ಬಿಣವನ್ನು ಬಲ್ಲ ನಾಡು ಅದರ ಕೊರತೆಯಿಂದ ಹಡಗನ್ನು ಹೊಲಿಯಿತೆಂಬುದನ್ನು ಒಪ್ಪಲಾಗದು.

ಅಯಸ್ಕಾಂತದ ಕತೆ ನಮ್ಮಲ್ಲಿಯೂ ಇದ್ದಿತು. ಧಾರೆಯ ಭೋಜರಾಜನ ಹೆಸರಿನಲ್ಲಿರುವ 'ಯುಕ್ತಿಕಲ್ಪತರು'ವು ಇದೇ ಭಯದಿಂದ ಕಡಲ ನಾವೆಯ ಹಲಗೆಗಳನ್ನು ಕಬ್ಬಿಣದಿಂದ ಬಂಧಿಸಬಾರದೆಂದು ವಿಧಿಸುತ್ತದೆ. ಇದನ್ನು ಬರಿಯ ಮೌಢ್ಯವೆಂದು ತಳ್ಳಿಹಾಕುವುದು ಸರಿಯಲ್ಲವೆಂದು ನಮ್ಮ ಅಭಿಪ್ರಾಯ. ಉಪ್ಪುನೀರು ಕುಡಿದ ಮೊಳೆ ಹಲಗೆಯ ಒಳಗೇ ಕರಗಿ, ಹೊರಗೆ ತಲೆ ಮಾತ್ರ ಉಳಿಯುತ್ತದೆ. ಒಂದು ದಿನ ಹಲಗೆಗಳು ತಾವಾಗಿಯೇ ಬಿಚ್ಚಿಕೊಂಡಾಗ, ಯಾವುದೋ ಕಾಣದ ಶಕ್ತಿ ಮೊಳೆಗಳನ್ನು ಎಳೆದುಕೊಂಡಿತೆಂದು ನಾವಿಕರು ಬಗೆದಿದ್ದರೆ ಆಶ್ಚರ್ಯವಿಲ್ಲ. ಅನುಭವ ನಿಜವಾದುದು, ವಿವರಣೆ ಮಾತ್ರ ಕಲ್ಪಿತವೆಂದು ನಾವು ಊಹಿಸುತ್ತೇವೆ.

ಆ ಅನುಭವದ ಹಿಂದಿರುವ ಕ್ರಿಯೆಯನ್ನು ಇಂದು ರಸಾಯನಶಾಸ್ತ್ರ ತಿಳಿಸುತ್ತದೆ. ಕಬ್ಬಿಣ ತುಕ್ಕು ಹಿಡಿಯುವುದೆಂದರೆ ನೀರು ಮತ್ತು ಆಮ್ಲಜನಕಗಳ ಸಾನ್ನಿಧ್ಯದಲ್ಲಿ ನಡೆಯುವ ಒಂದು ಸಣ್ಣ ವಿದ್ಯುತ್ ವ್ಯಾಪಾರ. ಒಂದು ಲೀಟರಿನಲ್ಲಿ ಸುಮಾರು 35 ಗ್ರಾಂ ಲವಣವುಳ್ಳ ಕಡಲ ನೀರು ಹೊಳೆಯ ನೀರಿಗಿಂತ ಬಹುಪಾಲು ಸುಲಭವಾಗಿ ವಿದ್ಯುತ್ತನ್ನು ಹರಿಯಗೊಡುತ್ತದೆ; ಅದರ ಕ್ಲೋರೈಡು ಲೋಹದ ಮೇಲಿನ ರಕ್ಷಕ ಪದರವನ್ನು ಭೇದಿಸುತ್ತದೆ. ಹುಟ್ಟಿದ ತುಕ್ಕು ಮೂಲ ಲೋಹಕ್ಕಿಂತ ಹೆಚ್ಚು ಜಾಗವನ್ನು ಆಕ್ರಮಿಸಿ ಮರವನ್ನು ಸೀಳುತ್ತದೆ. ಸದಾ ಮುಳುಗಿರುವ ಭಾಗಕ್ಕಿಂತ ಅಲೆ ಸಿಡಿದು ಒಣಗಿ ಮತ್ತೆ ತೊಯ್ಯುವ ಭಾಗದಲ್ಲಿಯೇ ಹಾನಿ ಹೆಚ್ಚು.

ತೆಂಗಿನ ನಾರಿಗೆ ಈ ಕಾಟವಿಲ್ಲ. ಹೋರ್ಮುಜಿನಲ್ಲಿ ಇಂಥ ಹಡಗುಗಳನ್ನು ಕಂಡ ಮಾರ್ಕೊ ಪೋಲೊ, ನಾರಿನ ಹುರಿ ಕಡಲ ನೀರಿಗೆ ಕೆಡುವುದಿಲ್ಲವೆಂದೂ, ಹಲಗೆಗಳಿಗೆ ಮೀನೆಣ್ಣೆ ಬಳಿಯುತ್ತಾರೆಂದೂ ಹೇಳಿದ್ದಾನೆ. ಆದರೆ ಬಿರುಗಾಳಿಯಲ್ಲಿ ಆ ಹಡಗುಗಳನ್ನು ಅವನು ನಂಬಲಿಲ್ಲ. ಹದಿನಾಲ್ಕನೆಯ ಶತಮಾನದಲ್ಲಿ ನಮ್ಮ ಹೊನ್ನಾವರಕ್ಕೂ ಬಂದಿದ್ದ ಇಬ್ನ್ ಬತೂತನ ಮಾತು ಬೇರೆ: ಮೊಳೆ ಹೊಡೆದ ಹಡಗು ಬಂಡೆಗೆ ತಾಗಿದರೆ ಒಡೆಯುತ್ತದೆ, ಹೊಲಿದದ್ದು ಬಾಗಿ ಉಳಿಯುತ್ತದೆ. ಇದು ನಮ್ಮ ಹರಿಗೋಲಿನ ನ್ಯಾಯವೇ ಅಲ್ಲವೆ?

ಲೋಹವನ್ನೇ ನೆಚ್ಚಿದವರು ಪಟ್ಟ ಪಾಡೂ ತಿಳಿಯತಕ್ಕದ್ದೇ. ಮರ ಕೊರೆಯುವ ಹುಳುಗಳ ಬಾಧೆ ತಪ್ಪಿಸಲು ಬ್ರಿಟಿಷ್ ನೌಕಾಪಡೆಯು 1761ರಲ್ಲಿ 'ಅಲಾರ್ಮ್' ಎಂಬ ಹಡಗಿನ ತಳಕ್ಕೆ ತಾಮ್ರದ ತಗಡನ್ನು ಹೊದಿಸಿತು. ಅದು ಮರಳಿ ಬಂದಾಗ ತಗಡಿಗೆ ತಗುಲಿದ್ದ ಕಬ್ಬಿಣದ ಮೊಳೆಗಳು ತಿಂದುಹೋಗಿದ್ದುವು. ಉಪ್ಪುನೀರಿನಲ್ಲಿ ಎರಡು ಲೋಹಗಳು ಕೂಡಿದರೆ ಒಂದು ಬದುಕಲು ಇನ್ನೊಂದು ಸಾಯಬೇಕು. ಈ ನಿಯಮವನ್ನೇ ತಿರುಗಿಸಿ 1824ರಲ್ಲಿ ಹಂಫ್ರಿ ಡೇವಿಯು ತಾಮ್ರಕ್ಕೆ ಸತು ಅಥವಾ ಕಬ್ಬಿಣದ ತುಂಡನ್ನು ಜೋಡಿಸಿ ತಾಮ್ರವನ್ನು ಕಾದನು. ವಿನೋದವೆಂದರೆ, ತಾಮ್ರ ಕರಗುವುದು ನಿಂತೊಡನೆ ಪಾಚಿಯೂ ಚಿಪ್ಪುಜೀವಿಗಳೂ ನಿರ್ಭಯವಾಗಿ ಅಂಟಿಕೊಂಡು ಹಡಗಿನ ವೇಗವನ್ನೇ ಕುಗ್ಗಿಸಿದುವು.

ಡೇವಿಯ ಉಪಾಯ ಇಂದು ಉಕ್ಕಿನ ಹಡಗುಗಳಲ್ಲಿ ಉಳಿದಿದೆ: ತಳಕ್ಕೆ ಕಟ್ಟಿದ ಸತುವಿನ ತುಂಡು ಮೊದಲು ಸವೆಯುತ್ತದೆ, ಅದನ್ನು ಕಾಲಕಾಲಕ್ಕೆ ಬದಲಿಸಬೇಕು, ಅದರ ಮೇಲೆ ಬಣ್ಣ ಬಳಿಯಬಾರದು. ಸಣ್ಣ ದೋಣಿಯನ್ನು ನೀರಿಗಿಳಿಸುವ ಗಾಲಿಯ ಟ್ರೇಲರು ದೋಣಿಗಿಂತ ಬೇಗ ಹಾಳಾಗುತ್ತದೆ. ದಾರಿಯಲ್ಲಿ ಬಿಸಿಯಾದ ಗಾಲಿಯ ಗುಂಬ ತಟ್ಟನೆ ತಣ್ಣೀರಿಗಿಳಿದರೆ ಉಪ್ಪುನೀರನ್ನು ಒಳಗೆ ಹೀರಿಕೊಳ್ಳುತ್ತದೆ. ಆದುದರಿಂದ ಅದನ್ನು ಆರಗೊಟ್ಟು ಇಳಿಸಬೇಕು, ಮೇಲೆಳೆದೊಡನೆ ಸಿಹಿನೀರಿನಿಂದ ತೊಳೆಯಬೇಕು.

ಹೊಲಿದ ಹಡಗಿನ ವಿದ್ಯೆಯೂ ಪೂರ್ತಿ ಅಳಿದಿಲ್ಲ. ಅಜಂತೆಯ ಚಿತ್ರವೊಂದನ್ನು ಆಧಾರವಾಗಿಟ್ಟುಕೊಂಡು, ಹಲಗೆಗಳನ್ನು ತೆಂಗಿನ ನಾರಿನ ಹುರಿಯಿಂದ ಹೊಲಿದು ಗೋವೆಯಲ್ಲಿ ಕಟ್ಟಿದ 'ಕೌಂಡಿನ್ಯ' ಎಂಬ ಹಾಯಿಹಡಗನ್ನು ಭಾರತೀಯ ನೌಕಾಪಡೆಯು 2025ರ ಮೇ 21ರಂದು ನಮ್ಮ ಕಾರವಾರದಲ್ಲಿಯೇ ಸೇವೆಗೆ ಸೇರಿಸಿಕೊಂಡಿತು. ಅದರ ಹಾಯಿಯ ಮೇಲೆ ಗಂಡಭೇರುಂಡದ ಚಿತ್ರವಿದೆ.