ಯಾಕವ್ವ, ಮೊಸರ ಬ್ಯಾಡೇನು?

ನಾನು ಹಾಲು ಬಿಟ್ಟವಳು. ಹಾಲು ಬಿಟ್ಟೆ ಅಂದರೆ ಮೊಸರು, ಮಜ್ಜಿಗೆ, ಬೆಣ್ಣೆ, ತುಪ್ಪ, ಪನೀರು, ಖೋವಾ ಎಲ್ಲ ಹೋದಂತೆ. ಮಾಂಸ, ಮೊಟ್ಟೆ ಮೊದಲೇ ಇರಲಿಲ್ಲ, ಈಗ ಜೇನುತುಪ್ಪವೂ ಇಲ್ಲ. 1944ರಲ್ಲಿ ಇಂಗ್ಲೆಂಡಿನ ಡೊನಾಲ್ಡ್ ವಾಟ್ಸನ್ ಮತ್ತು ಅವರ ಕೆಲವು ಸಂಗಾತಿಗಳು ಇಂಥ ಊಟದವರಿಗಾಗಿ ಒಂದು ಸಂಘ ಕಟ್ಟಿ, ವೀಗನ್ ಎಂಬ ಹೆಸರಿಟ್ಟರು. ಬೆಂಗಳೂರಿನಲ್ಲಿ ವೀಗನ್ ಆಗಿರುವುದು ದೊಡ್ಡ ಸಂಗತಿಯೇನಲ್ಲ. ದುಡ್ಡಿದ್ದರೆ ಓಟ್ಸಿನ ಹಾಲೂ ಸಿಗುತ್ತದೆ, ಗೋಡಂಬಿಯ ಚೀಸೂ ಸಿಗುತ್ತದೆ. ಪಜೀತಿ ಶುರುವಾಗುವುದು ಗೆಳೆಯರ ಜತೆ ಹೊಸ ಊರಿಗೆ ಹೊರಟಾಗ. ಹೋಟೆಲಿನಲ್ಲಿ ನಾನು ಮಾಣಿಯನ್ನು ನಿಲ್ಲಿಸಿಕೊಂಡು ಪಾಟೀ ಸವಾಲು ಮಾಡುತ್ತಿದ್ದರೆ ಹಸಿದವರೆಲ್ಲ ಮೊಬೈಲು ತೆಗೆಯುತ್ತಾರೆ.

ಚಳಿಗಾಲದಲ್ಲಿ ಬೀದರಿನಿಂದ ಕಾರಿನಲ್ಲಿ ಹೊರಟವರು ನಾವು ನಾಲ್ವರು. ಮೈಸೂರಿನ ಗೆಳತಿ, ಬಿರಿಯಾನಿಯ ಆಸೆಯಿಂದಲೇ ಹತ್ತಿ ಕುಳಿತ ಅವಳ ಗಂಡ, ಬೀದರಿನವನೇ ಆದ ನಮ್ಮ ಕಾಲೇಜಿನ ಗೆಳೆಯ, ಮತ್ತು ನಾನು. ನಾರಾಯಣಖೇಡ, ಜಹೀರಾಬಾದು, ತಾಂಡೂರು ನೋಡುವುದೆಂದು ಲೆಕ್ಕ. ಮೈಸೂರಿನವರಿಗೆ ಅದು ತೆಲಂಗಾಣ, ಪರರಾಜ್ಯ. ಬೀದರಿನವನಿಗೆ ಹಾಗಲ್ಲ. 1956ರ ನವೆಂಬರ್ 1ರವರೆಗೆ ನಾರಾಯಣಖೇಡ ಮತ್ತು ಜಹೀರಾಬಾದು ತಾಲೂಕುಗಳು ಬೀದರ ಜಿಲ್ಲೆಯಲ್ಲೇ ಇದ್ದವು. ತಾಂಡೂರು ಗುಲ್ಬರ್ಗ ಜಿಲ್ಲೆಯಲ್ಲಿತ್ತು. ರಾಜ್ಯ ಪುನರ್‌ವಿಂಗಡಣೆಯಲ್ಲಿ ಮೂರೂ ಆಗಿನ ಆಂಧ್ರಪ್ರದೇಶಕ್ಕೆ ಹೋದವು. ಜಹೀರಾಬಾದ್ ತಾಲೂಕಿನ ನಿರ್ಣಾ ಸರ್ಕಲ್ ಒಂದು ಮಾತ್ರ ಈಚೆ ಉಳಿಯಿತು. ಗೆರೆ ಎಳೆದವರು ಭಾಷೆ ನೋಡಿ ಎಳೆದರು. ಆದರೆ ಗೆರೆಯ ಎರಡೂ ಬದಿಗೆ ಕರಿಮಣ್ಣು ಅದೇ, ಜೋಳ ಅದೇ, ತೊಗರಿ ಅದೇ.

ನಾರಾಯಣಖೇಡದ ಆಚೆ, ಕಂಗ್ಟಿಯ ದಿಕ್ಕಿನ ಒಂದು ಹಳ್ಳಿಯಲ್ಲಿ ಗೆಳೆಯನ ಸೋದರತ್ತೆಯ ಮನೆ. ಒಳಗೆ ಕನ್ನಡ, ಅಂಗಡಿಗೆ ಹೋದರೆ ತೆಲುಗು. ಮೊಮ್ಮಕ್ಕಳು ಬರೆಯುವುದೂ ತೆಲುಗೇ. ಬಿಳಿಜೋಳದ ರೊಟ್ಟಿ, ಪುಂಡಿಪಲ್ಯ, ಎಣ್ಣೆಗಾಯಿ, ಶೇಂಗಾ ಹಿಂಡಿ ಬಡಿಸಿದ ಅತ್ತೆ, ಹಿಂಡಿಯ ಮೇಲೆ ಗಟ್ಟಿ ಮೊಸರು ಹಾಕಲು ಬಂದಾಗ ನಾನು ಕೈ ಅಡ್ಡ ಹಿಡಿದೆ.

"ಯಾಕವ್ವ, ಮೊಸರ ಬ್ಯಾಡೇನು? ಉಪಾಸ ಅದೇನು?"

"ಹಾಲ್ ಬಿಟ್ಟಾಳ ಅತ್ತಿ," ಅಂದ ಗೆಳೆಯ.

"ಯಾವ ದೇವ್ರಿಗಿ ಬಿಟ್ಟೀ?"

ಬೆಂಗಳೂರಿನಲ್ಲಿ ಈ ವಿಷಯಕ್ಕೆ ನಾನು ಎಷ್ಟೋ ವಾದ ಮಾಡಿದ್ದೇನೆ. ಎಮ್ಮೆಯ ಕರುವಿನ ಗತಿ, ಡೈರಿಗಳ ರೀತಿ ಎಲ್ಲ ವಿವರಿಸಿದ್ದೇನೆ. ಇಲ್ಲಿ ಯಾವುದೂ ಬೇಕಾಗಲಿಲ್ಲ. ಕಾಶಿಗೆ ಹೋಗಿ ಬಂದವರು ಒಂದು ಕಾಯಿಪಲ್ಯ ಬಿಟ್ಟಿರುತ್ತಾರೆ, ಹರಕೆ ಹೊತ್ತವರು ಸಿಹಿ ಬಿಟ್ಟಿರುತ್ತಾರೆ. ಬಿಟ್ಟವರನ್ನು ಒತ್ತಾಯ ಮಾಡುವ ರೂಢಿ ಹಳ್ಳಿಯಲ್ಲಿಲ್ಲ. ದೇವರಿಗಲ್ಲ, ಎಮ್ಮೆಗಾಗಿ ಬಿಟ್ಟೆ ಅಂದೆ. ಅತ್ತೆಗೆ ನಗು ಬಂತು, ಆದರೆ ಮೊಸರಿನ ಗಡಿಗೆ ಹಿಂದಕ್ಕೆ ಹೋಯಿತು.

ಅವರಿಗೆ ಚಿಂತೆ ಬೇರೆಯೇ ಇತ್ತು. ನೆಂಟಳಾಗಿ ಬಂದವಳಿಗೆ ತುಪ್ಪವಿಲ್ಲದೆ ಹೋಳಿಗೆ ಬಡಿಸುವುದು ಹೇಗೆ? ಒಣ ಹೋಳಿಗೆ ಬಡಿಸಿದರೆ ಮನೆಯ ಮರ್ಯಾದೆಯ ಪ್ರಶ್ನೆ. ಅಲ್ಲಿ ನನಗೆ ಹೊಳೆದದ್ದು ಇದು: ಈ ಸೀಮೆಯಲ್ಲಿ ವೀಗನ್ ಊಟ ಸಿಗುವುದು ಕಷ್ಟವಲ್ಲ, ಸತ್ಕಾರದಿಂದ ತಪ್ಪಿಸಿಕೊಳ್ಳುವುದು ಕಷ್ಟ. ರೊಟ್ಟಿ, ಪಲ್ಯ, ಬೇಳೆ, ಹಿಂಡಿ ದಿನದ ಊಟ. ಹಾಲು-ತುಪ್ಪ ನೆಂಟರ ಊಟ. ದಿನದ ಊಟ ಕೊಡಿ ಎಂದು ನೆಂಟರು ಕೇಳಿದರೆ ಮನೆಯವರಿಗೆ ಸಂಕಟ.

ಕೊನೆಗೆ ಅತ್ತೆಯೇ ದಾರಿ ಕಂಡುಕೊಂಡರು. ಅವರ ಅತ್ತೆಯ ಕಾಲದಲ್ಲಿ ಗೋಧಿ ಹುಗ್ಗಿಗೆ ಕುಸುಬಿ ಹಾಲು ಹಾಕುತ್ತಿದ್ದರಂತೆ. ಕುಸುಬಿ ನೆನೆಸಿ, ರುಬ್ಬಿ, ಬಟ್ಟೆಯಲ್ಲಿ ಹಿಂಡಿದರೆ ಬರುವ ಬೆಳ್ಳನೆಯ ಹಾಲು; ಅದಕ್ಕೆ ಬೆಲ್ಲ, ಏಲಕ್ಕಿ. ಮರುದಿನ ಬೆಳಿಗ್ಗೆ ಅದನ್ನೇ ಮಾಡಿದರು. ಎಣ್ಣೆಕಾಳಿನ ಹಾಲಿಗೆ ತೆಳ್ಳಗೆ ಒಂದು ಒಗರು ಇರುತ್ತದೆ, ಬೆಲ್ಲ ಅದನ್ನು ಸರಿಮಾಡುತ್ತದೆ. ನಗರದಲ್ಲಿ ಬಾದಾಮಿ ಹಾಲಿಗೆ ನೂರಾರು ರೂಪಾಯಿ ಕೊಡುವ ನಮ್ಮಂಥವರಿಗೆ ಉತ್ತರ ಕರ್ನಾಟಕದ ಈ ಹಾಲಿನ ನೆನಪೇ ಇಲ್ಲ. ಹಿಂಗಾರಿ ಜೋಳ, ಕಡಲೆಯ ಹೊಲಗಳ ಅಂಚಿಗೆ ಕುಸುಬಿ ಹಾಕುವುದು ದನ ಒಳಗೆ ನುಗ್ಗದಿರಲಿ ಎಂದು. ಅದರ ಮುಳ್ಳೇ ಬೇಲಿ.

ಜಹೀರಾಬಾದು ಹೈದರಾಬಾದ್–ಸೋಲಾಪುರ ಹೆದ್ದಾರಿಯ ಮೇಲಿನ ಊರು. ಲಾರಿ, ಕಬ್ಬಿನ ಗಾಡಿ, ಟ್ರ್ಯಾಕ್ಟರ್ ಕಾರ್ಖಾನೆ. ಇಲ್ಲಿ ಹೋಟೆಲು ಬಿಟ್ಟರೆ ಗತಿಯಿಲ್ಲ, ಹೋಟೆಲಿನಲ್ಲಿ ಎಲ್ಲಕ್ಕೂ ಬೆಣ್ಣೆ. ದಾಲ್ ಫ್ರೈ ಮೇಲೆ ಬೆಣ್ಣೆ ತೇಲುತ್ತದೆ, ನಾನಿನ ಹಿಟ್ಟಿಗೆ ಮೊಸರು ಬಿದ್ದಿರುತ್ತದೆ, 'ವೆಜ್' ಎಂದು ಬರೆದ ಗ್ರೇವಿಗಳಿಗೆಲ್ಲ ಕೆನೆ. ಪೊಟ್ಟಣದ ತಿಂಡಿಯ ಹಸಿರು ಚುಕ್ಕಿಯನ್ನೂ ನಂಬುವಂತಿಲ್ಲ, ಅದು ಹಾಲು-ಜೇನನ್ನು ಒಪ್ಪುತ್ತದೆ. ವೀಗನ್ ಆಹಾರಕ್ಕೆಂದು ಸರ್ಕಾರ 2022ರಲ್ಲಿ ಬೇರೆ ನಿಯಮವನ್ನೂ ಬೇರೆ ಗುರುತನ್ನೂ ತಂದಿದೆ. ಆದರೆ ಹೆದ್ದಾರಿಯ ಅಂಗಡಿಗಳಲ್ಲಿ ಆ ಗುರುತಿನ ಪೊಟ್ಟಣ ನನಗೆ ಕಂಡಿಲ್ಲ. ಇನ್ನು ಡಾಲ್ಡಾ ಇದೆಯಲ್ಲ, ಅದು ಅಪ್ಪಟ ವೀಗನ್. ವೀಗನ್ ಆದದ್ದೆಲ್ಲ ಆರೋಗ್ಯಕ್ಕೆ ಒಳ್ಳೆಯದು ಎನ್ನುವವರಿಗೆ ನಾನು ಡಾಲ್ಡಾದ ಹೆಸರು ಹೇಳಿ ಸುಮ್ಮನಾಗುತ್ತೇನೆ.

ಬೆಳಗಿನ ತಿಂಡಿಗೆ ಒಂದು ಟಿಫಿನ್ ಸೆಂಟರಿಗೆ ಹೋದೆವು. ಮೈಸೂರಿನ ಗೆಳತಿ ಫಲಕದ ಮೇಲೆ 'ಮೈಸೂರು ಬೋಂಡಾ' ಎಂದು ಓದಿ ಹಿಗ್ಗಿದಳು. ಬಂದದ್ದು ಮೈದಾಹಿಟ್ಟಿಗೆ ಮೊಸರು ಕಲಸಿ ಕರಿದ ಉಂಡೆ. ಇಂಥದನ್ನು ಮೈಸೂರಿನಲ್ಲಿ ಕಂಡಿಲ್ಲ ಎಂದಳು. ಮೊಸರಿನ ಕಾರಣಕ್ಕೆ ನನಗದು ಸಲ್ಲ. ನನಗೆ ಇಡ್ಲಿ, ಅದರ ಜತೆ ತೆಲಂಗಾಣದ ಪಲ್ಲಿ ಚಟ್ನಿ, ಅಂದರೆ ಶೇಂಗಾ, ಹಸಿಮೆಣಸು, ಹುಣಸೆ. ಇದರಲ್ಲಿ ಕೇಳಿ ತಿಳಿಯಬೇಕಾದ್ದು ಏನೂ ಇಲ್ಲ. ದೋಸೆಗೆ ಮಾತ್ರ ಹೆಂಚಿನ ಮುಂದೆ ನಿಂತು ಎಣ್ಣೆಯೇ ಹಾಕಿಸಬೇಕು.

ಮಧ್ಯಾಹ್ನ ಬಿರಿಯಾನಿಯ ಸರದಿ. ಮುಸ್ಲಿಂ ಹೋಟೆಲೆಂದರೆ ನನಗೆ ಉಪವಾಸವೇ ಎಂದು ಗೆಳತಿಯ ಗಂಡ ಮೊದಲೇ ಮರುಗಿದ್ದ. ಅವನಿಗೆ ತಿಳಿಯದ್ದು ಬಗಾರಾ ಬೈಂಗನ್. ಶೇಂಗಾ, ಎಳ್ಳು, ಒಣಕೊಬ್ಬರಿ ಹುರಿದು ರುಬ್ಬಿ, ಹುಣಸೆಹುಳಿಯಲ್ಲಿ ಎಳೆಬದನೆ ಬೇಯಿಸುವ ದಖನಿನ ಈ ಅಡುಗೆಗೆ ಹಾಲಿನ ಹನಿ ಬೇಕಿಲ್ಲ. ಮಿರ್ಚಿ ಕಾ ಸಾಲನ್ನೂ ಅದೇ ಕುಲ. ನಮ್ಮ ಎಣ್ಣೆಗಾಯಿಗೆ ಇದು ಖಾಸಾ ಅಣ್ಣ. "ಭಾಯ್, ಘೀ ನಕ್ಕೊ, ದಹೀ ನಕ್ಕೊ" ಎಂದರೆ ಆಯಿತು. ಬಗಾರಾ ಅನ್ನಕ್ಕೆ ಎಣ್ಣೆಯ ಒಗ್ಗರಣೆಯೋ ತುಪ್ಪದ್ದೋ ಎಂದು ಒಂದು ಮಾತು ಕೇಳಿಕೊಂಡೆ. ಊಟದ ಮೇಲೆ ಸುಲೇಮಾನಿ ಚಹಾ, ಹಾಲಿಲ್ಲದ್ದು, ನಿಂಬೆ ಹಿಂಡಿದ್ದು. ತೆಲುಗಿನ ಮೆಸ್ಸುಗಳಲ್ಲಿ "ನೆಯ್ಯಿ ವದ್ದು, ಪೆರುಗು ವದ್ದು" ಎನ್ನಬೇಕು. ಪಪ್ಪಿಗೆ, ಅಂದರೆ ಬೇಳೆಗೆ, ತುಪ್ಪ ಹೊಯ್ಯುವ ಕೈ ಬಲು ಚುರುಕು, ಎಲೆ ಹಾಸುವ ಮೊದಲೇ ಹೇಳಬೇಕು. ಸಂಜೆಯಾದರೆ ರಸ್ತೆ ಬದಿಗೆ ಹೆಂಗಸರು ಒಲೆ ಹೂಡಿ ಜೋಳದ ರೊಟ್ಟಿ ಬಡಿಯುತ್ತಾರೆ. ಅಲ್ಲಿ ವದ್ದು, ನಕ್ಕೊ ಯಾವುದೂ ಬೇಡ.

ಜಹೀರಾಬಾದಿಗೆ ನಾನು ಹೋದದ್ದು ಪಸ್ತಾಪುರಕ್ಕಾಗಿ. ಊರಿನ ಮಗ್ಗುಲಿಗೇ ಇರುವ ಈ ಹಳ್ಳಿಯಲ್ಲಿ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ನೆಲೆ. 1980ರ ದಶಕದ ಆರಂಭದಲ್ಲಿ ಇದನ್ನು ಕಟ್ಟಿದವರಲ್ಲಿ ಮುಖ್ಯರಾದ ಪಿ.ವಿ. ಸತೀಶ್ ಮೈಸೂರಿನವರು. ದೂರದರ್ಶನದಲ್ಲಿ ನಿರ್ಮಾಪಕರಾಗಿದ್ದವರು ಅದನ್ನು ಬಿಟ್ಟು ಈ ಒಣನೆಲಕ್ಕೆ ಬಂದರು. 2023ರ ಮಾರ್ಚ್‌ನಲ್ಲಿ ತೀರಿಕೊಂಡರು. ಅದು ವಿಶ್ವಸಂಸ್ಥೆ ಸಾರಿದ ಸಿರಿಧಾನ್ಯ ವರ್ಷವೇ ಆಗಿತ್ತು. ಅವರ ಜತೆ ನಿಂತವರು ಹಳ್ಳಿಗಳ ಸಂಘದ ಹೆಂಗಸರು, ಬಹುಪಾಲು ದಲಿತರು.

ಅವರ ಕಥೆಯ ಒಂದು ಎಳೆ ಅಕ್ಕಿಯದು. 1983ರಲ್ಲಿ ಎನ್.ಟಿ. ರಾಮರಾವ್ ಸರ್ಕಾರ ಕಿಲೋಗೆ 2 ರೂಪಾಯಿಯಂತೆ ಅಕ್ಕಿ ಕೊಡತೊಡಗಿತು. ಬಡವರ ಹೊಟ್ಟೆ ತುಂಬಿತು, ಅದನ್ನು ಹಗುರವಾಗಿ ಕಾಣಬಾರದು. ಆದರೆ ಇಷ್ಟು ಅಗ್ಗದ ಅಕ್ಕಿಯ ಎದುರು ಜೋಳ, ನವಣೆ, ಸಾಮೆ ಬೆಳೆದು, ಕುಟ್ಟಿ, ಬೀಸಿ ಉಣ್ಣುವವರು ಯಾರು? ಬೀಳುಬಿದ್ದ ಹೊಲಗಳಲ್ಲಿ ಮತ್ತೆ ಜೋಳ ಬಿತ್ತಿಸಿ, ಊರಲ್ಲೇ ದಾಸ್ತಾನು ಮಾಡಿ, ಊರ ಬಡವರಿಗೇ ಅಗ್ಗವಾಗಿ ಹಂಚುವ ವ್ಯವಸ್ಥೆಯನ್ನು ಈ ಸಂಘಗಳು 1990ರ ದಶಕದಲ್ಲಿ ನಡೆಸಿ ತೋರಿಸಿದವು. ಜಹೀರಾಬಾದಿನಲ್ಲಿ 'ಕೆಫೆ ಎಥ್ನಿಕ್' ಎಂಬ ಸಿರಿಧಾನ್ಯದ ಹೋಟೆಲನ್ನೇ ತೆರೆದಿದ್ದರು, ಸಿರಿಧಾನ್ಯ ಪೇಟೆಯ ಫ್ಯಾಷನ್ ಆಗುವುದಕ್ಕೆ ಎಷ್ಟೋ ಮೊದಲು. ಮಾಚನೂರಿನಲ್ಲಿ 2008ರಿಂದ ಸಂಗಂ ರೇಡಿಯೋ ನಡೆಸುವವರೂ ಇದೇ ಹೆಂಗಸರು. 2019ರಲ್ಲಿ ಇವರಿಗೆ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಈಕ್ವೇಟರ್ ಪ್ರಶಸ್ತಿ ಬಂತು.

ವೀಗನ್ ಆದವಳಿಗೆ ಇದೆಲ್ಲ ಯಾಕೆ? ಯಾಕೆಂದರೆ ನನ್ನ ತಟ್ಟೆ ಇಲ್ಲಿಯ ಹೊಲದಿಂದ ಬರುವುದು. ಒಂದೇ ಹೊಲದಲ್ಲಿ ಜೋಳದ ಪಕ್ಕ ತೊಗರಿ, ತೊಗರಿಯ ಪಕ್ಕ ಹೆಸರು, ಅಲಸಂದಿ, ಎಳ್ಳು, ಪುಂಡಿ. ಜೋಳದಲ್ಲಿ ಲೈಸಿನ್ ಎಂಬ ಅಮೈನೋ ಆಮ್ಲ ಕಡಿಮೆ, ಬೇಳೆಯಲ್ಲಿ ಅದು ಧಾರಾಳ. ಎರಡನ್ನೂ ಉಂಡರೆ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಹಾಲು ಬಿಟ್ಟವರು ಕ್ಯಾಲ್ಸಿಯಂ ಎಲ್ಲಿಂದ ತರುತ್ತೀರಿ ಎಂದು ಕೇಳುವವರಿಗೆ ಎಳ್ಳು, ರಾಗಿ, ಸೊಪ್ಪು ತೋರಿಸಬಹುದು. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಮಿಗೂ ಹೆಚ್ಚು ಕ್ಯಾಲ್ಸಿಯಂ ಇದೆ. ಸೊಪ್ಪಂತೂ ಬಿತ್ತದೆ ಬರುವುದು. ಪಸ್ತಾಪುರದ ಆಚೆ ಒಬ್ಬ ಅವ್ವ ಬದುವಿನ ಮೇಲೆ ನಮ್ಮನ್ನು ನಡೆಸುತ್ತ, ಕಳೆಯೆಂದು ನಾವು ತುಳಿದು ಹೋಗುತ್ತಿದ್ದುದನ್ನೆಲ್ಲ ಉಡಿಗೆ ಕಿತ್ತು ಹಾಕಿಕೊಂಡಳು: ತುಂಬಿ, ಗೋಳಿ, ಹೊನಗೊನ್ನಿ. ಕಳೆನಾಶಕ ಹೊಡೆದ ಹೊಲದಲ್ಲಿ ಇವು ಹುಟ್ಟುವುದಿಲ್ಲ. ಚಳಿಗಾಲದಲ್ಲಿ ಕರಿನೆಲದ ಹಸಿ ಮತ್ತು ಇಬ್ಬನಿಯಿಂದಲೇ ಬರುವ ಜೋಳ, ಕಡಲೆ, ಕುಸುಬಿ, ಅಗಸಿಗಳನ್ನು ಇಲ್ಲಿಯವರು 'ಸತ್ಯಂ ಪಂಟಲು' ಎನ್ನುತ್ತಾರೆ. ಮಳೆ, ಗೊಬ್ಬರ ಕೇಳದೆ ಬರುವ, ಸತ್ಯದಿಂದ ನಿಲ್ಲುವ ಬೆಳೆಗಳು.

ಹಾಗೆಂದು ಇವರನ್ನು ವೀಗನ್ ಸಂತರನ್ನಾಗಿ ಮಾಡಲು ನಾನು ತಯಾರಿಲ್ಲ. ಆ ಅವ್ವನ ಅಂಗಳದಲ್ಲಿ ಕೋಳಿಗಳಿದ್ದವು, ಆಡು ಕಟ್ಟಿತ್ತು. ಹಬ್ಬಕ್ಕೆ ಅವು ಏನಾಗುತ್ತವೆಂದು ಕೇಳುವ ಅಗತ್ಯವಿಲ್ಲ. ಹೊಲಕ್ಕೆ ಬೀಳುವುದು ಸಗಣಿಗೊಬ್ಬರ. ಸಂಕ್ರಾಂತಿಯ ಸುಮಾರಿಗೆ ಊರೂರಿಗೆ ಹೊರಡುವ ಬೀಜಗಳ ಜಾತ್ರೆಯ ಬಂಡಿಗಳನ್ನು ಎಳೆಯುವುದೂ ಎತ್ತುಗಳೇ. ನನ್ನ ರೊಟ್ಟಿಯಲ್ಲಿ ಹಾಲಿಲ್ಲ, ಆದರೆ ಎತ್ತಿನ ಹೆಗಲಿದೆ. ಟ್ರ್ಯಾಕ್ಟರು ಮತ್ತು ಯೂರಿಯಾ ಬಳಸಿದ ಜೋಳವೇ ಹೆಚ್ಚು ಶುದ್ಧ ವೀಗನ್ ಎಂದು ವಾದಿಸುವವರನ್ನು ನಾನು ಬಲ್ಲೆ. ಆ ವಾದ ನನ್ನ ಗಂಟಲಲ್ಲಿ ಇಳಿಯುವುದಿಲ್ಲ.

ತಾಂಡೂರಿನಲ್ಲಿ ಕಾಲಡಿಯ ಕಲ್ಲೂ ತಾಂಡೂರಿನದೇ: ನಮ್ಮ ಮನೆಗಳಿಗೆ ಹಾಸುವ ಸುಣ್ಣಕಲ್ಲಿನ ನೀಲಿ, ಹಳದಿ ಫರಸಿ. ಇಲ್ಲಿಯ ತೊಗರಿಗೆ 2022ರ ಡಿಸೆಂಬರಿನಲ್ಲಿ ಭೌಗೋಳಿಕ ಸೂಚಕದ (ಜಿ.ಐ.) ಮಾನ್ಯತೆ ಸಿಕ್ಕಿತು. ಗಡಿಯೀಚೆಯ ಕಲಬುರಗಿ ತೊಗರಿಗೆ 2019ರಲ್ಲೇ ಸಿಕ್ಕಿತ್ತು. ಸೇಡಂ, ಚಿಂಚೋಳಿಯ ಹೊಲಗಳು ಇಲ್ಲಿಗೆ ಎಷ್ಟು ಹತ್ತಿರವೆಂದರೆ, ಎರಡು ಪ್ರಮಾಣಪತ್ರಗಳ ನಡುವಿನ ಗೆರೆ ತೊಗರಿ ಗಿಡಕ್ಕೆ ಗೊತ್ತಿರಲಾರದು. ತಾಂಡೂರಿನ ಬೇಳೆ ಬೇಗ ಬೇಯುತ್ತದೆ, ಬೇಯಿಸಿದ ಮೇಲೆ ಬೇಗ ಹಳಸುವುದಿಲ್ಲ ಎಂಬುದು ಇಲ್ಲಿಯವರ ಹೆಮ್ಮೆ. ಪ್ರಯಾಣದ ಬುತ್ತಿಗೆ ಇದಕ್ಕಿಂತ ಒಳ್ಳೆಯ ಗುಣ ಬೇಡ.

ಊರ ಮೆಸ್ಸಿನಲ್ಲಿ ಎಣ್ಣೆಯಲ್ಲಿ ಒಗ್ಗರಿಸಿದ ಪುಂಟಿಕೂರ (ಪುಂಡಿಸೊಪ್ಪಿನ) ಪಪ್ಪು ಮತ್ತು ಕುದಿಸದ ಹುಣಸೆರಸದ ಪಚ್ಚಿಪುಲುಸು ಉಂಡೆವು. ಪಪ್ಪು ಇಡೀ ಊಟಕ್ಕೆ ಕಳೆ ಕೊಟ್ಟಿತು. ಪುಲುಸಿನ ಹಸಿ ಈರುಳ್ಳಿ ಮೈಸೂರಿನವರಿಗೆ ಸೇರಲಿಲ್ಲ. ಗೆಳತಿ ಬೇಳೆ ಕೊಳ್ಳಲು ದಲಾಲಿ ಅಂಗಡಿಗಳ ಸಾಲಿಗೆ ಹೋದಳು, ನಾನು ಔಷಧಿ ಅಂಗಡಿಗೆ. ಜೋಳ, ತೊಗರಿ, ಸೊಪ್ಪು ಎಲ್ಲ ಕೊಟ್ಟರೂ ಒಂದನ್ನು ಕೊಡಲಾರವು: ವಿಟಮಿನ್ ಬಿ12. ಅದನ್ನು ತಯಾರಿಸುವುದು ಸೂಕ್ಷ್ಮಜೀವಿಗಳು. ನಮಗೆ ಸಿಗುವುದು ಹಾಲು, ಮೊಟ್ಟೆ, ಮಾಂಸದ ಮೂಲಕ. ಕೊರತೆಯಾದರೆ ರಕ್ತಹೀನತೆ, ಕೈಕಾಲು ಜೋಮು. ಹಾಲು ಬಿಟ್ಟವರು ಮಾತ್ರೆ ತೆಗೆದುಕೊಳ್ಳಲೇಬೇಕು, ಇದರಲ್ಲಿ ಚೌಕಾಶಿಯಿಲ್ಲ. ನನ್ನ ಮಾತ್ರೆಗಳು ಮುಗಿದಿದ್ದವು. ಅಂಗಡಿಯವರು ಕ್ಯಾಪ್ಸೂಲು ಕೊಟ್ಟರು. ಅದರ ಸಿಪ್ಪೆ ಸಾಮಾನ್ಯವಾಗಿ ಜೆಲಾಟಿನ್‌ನದು, ಅಂದರೆ ದನದ್ದೋ ಹಂದಿಯದೋ ಮೂಳೆ-ಚರ್ಮದಿಂದ ತೆಗೆದದ್ದು. ತೆಲುಗಿನಲ್ಲಿ ತಡವರಿಸುತ್ತ ಇದನ್ನು ಹೇಳತೊಡಗಿದಾಗ ಅವರು ಡಬ್ಬಿ ಹಿಂದಕ್ಕೆ ತೆಗೆದುಕೊಂಡು ಕನ್ನಡದಲ್ಲೇ ಅಂದರು: "ಗುಳಿಗಿ ಅದ ತಗೋರಿ ಅಕ್ಕೋರೆ. ನಮ್ಮ ಜೈನ ಗಿರಾಕಿನೂ ಇದೇ ಒಯ್ತಾರ."